ಕ್ಯಾಂಪಿಗೆ ಕೆಟ್ಟ ಸುದ್ದಿ ಕಳಿಸಬಾರದು

ಬ್ರಿಗೇಡಿಯರ್ ಪೂವಪ್ಪನವರನ್ನು ಯಾರಾದರೂ ಜನರಲ್ ಎಂದು ಕರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಕರೆಯದೆ ಹೋದರೆ ಅವರ ಮಗ ಸುಮಿತನ ಮುಖ ಚಿಕ್ಕದಾಗುತ್ತಿತ್ತು. ಅಪ್ಪ ಮಗನ ಈ ಪೇಚಾಟದ ನಡುವೆ ಸೊಸೆ ಸುಪ್ರೀತಾಳ ಪಾಲಿಗೆ ಬರುತ್ತಿದ್ದ ಕೆಲಸವೆಂದರೆ, ಬಂದವರಿಗೆ ಇನ್ನೊಂದು ಸುತ್ತು ಚಹಾ ಮಾಡುವುದು.

ಡಿಸೆಂಬರಿನ ಕೊನೆಯ ಭಾನುವಾರ ಹಾಗೆ ಬಂದವನು ಚಾಮರಾಜ. ಮೈಸೂರಿನವನು, ಅಬುಧಾಬಿಯ ಕನ್ನಡಿಗರ ಸಂಘವೊಂದರ ಕಾರ್ಯದರ್ಶಿ. ದುಬೈಯ ಅಲ್ ಕುಸೈಸ್‌ನ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂತು ಗೋಳಿಬಜೆ ತಿನ್ನುತ್ತ ವಿಷಯಕ್ಕೆ ಬಂದ.

"ಜನರಲ್ ಸಾಹೇಬ್ರೇ, ನೀವು ಇಲ್ಲ ಅನ್ಬಾರ್ದು."

"ಬ್ರಿಗೇಡಿಯರ್," ಎಂದರು ಪೂವಪ್ಪನವರು. "ಅದೂ ಟೆರಿಟೋರಿಯಲ್ ಆರ್ಮಿ. ವರ್ಷಕ್ಕೆ ಹತ್ತು ತಿಂಗಳು ಪುತ್ತೂರಿನ ಬ್ಯಾಂಕಿನಲ್ಲಿ ಕೂತವ ನಾನು. ಎರಡು ತಿಂಗಳು ಮಾತ್ರ ಯೂನಿಫಾರ್ಮ್."

"ಎಲ್ಲಾ ಒಂದೇ ಅಲ್ವಾ ಸಾರ್."

"ಒಂದೇ ಅಲ್ಲ."

ಸುಮಿತ್ ಗಂಟಲು ಸರಿಮಾಡಿಕೊಂಡು, "ಕಾಶ್ಮೀರದಲ್ಲಿ ಮೂರು ವರ್ಷ ಇದ್ರು," ಎಂದು ಸೇರಿಸಿದ.

ಚಾಮರಾಜ ಕೇಳಿದ್ದು ಇಷ್ಟು. ಜನವರಿ ಇಪ್ಪತ್ತಾರಕ್ಕೆ ಶಾಲೆಯ ಮೈದಾನದಲ್ಲಿ ಧ್ವಜಾರೋಹಣ, ಸಂಘದ ನಲವತ್ತು ಮಕ್ಕಳ ಪಥಸಂಚಲನ. ಮೂರು ವಾರ ತಾಲೀಮು ಕೊಡಬೇಕು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಮಗಳು ಭವ್ಯಶ್ರೀಯ ಮನೆ ಇರುವುದರಿಂದ ವಸತಿಯ ಚಿಂತೆಯಿಲ್ಲ.

"ಅಪ್ಪನಿಗೆ ಎಪ್ಪತ್ತಾರು ಆಯ್ತು," ಎಂದ ಸುಮಿತ್.

"ವಯಸ್ಸಾದದ್ದು ಕಾಲಿಗೆ. ಕಮಾಂಡ್ ಕೊಡುವುದು ಗಂಟಲು," ಎಂದು ಪೂವಪ್ಪನವರು ಎದ್ದೇ ನಿಂತರು.

ಅಡುಗೆಮನೆಯಲ್ಲಿ ಅತ್ತೆ ಜಲಜಾಕ್ಷಿಯಮ್ಮ ಬಾಣಲೆಯಿಂದ ಕೊನೆಯ ಗೋಳಿಬಜೆ ತೆಗೆಯುತ್ತ ನಕ್ಕರು. "ಹೊರಟ್ರು ಮಾರಾಯ್ತಿ ಕ್ಯಾಂಪಿಗೆ," ಎಂದು ಸೊಸೆಗೆ ಹೇಳಿ ಒಲೆ ಆರಿಸಿದವರು, ಕಟ್ಟೆ ಹಿಡಿದು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು.

ಪೂವಪ್ಪನವರದು ಇಡೀ ಜೀವನ ಎರಡು ದೋಣಿಯ ಪ್ರಯಾಣ. ಇಪ್ಪತ್ತೇಳನೇ ವಯಸ್ಸಿನಲ್ಲಿ ಬ್ಯಾಂಕಿನ ಕೆಲಸದ ಜೊತೆಗೆ ಟೆರಿಟೋರಿಯಲ್ ಆರ್ಮಿಗೆ ಅಧಿಕಾರಿಯಾಗಿ ಸೇರಿದರು. ಕೆಲಸ ಬಿಡದೆ, ಸಂಬಳದ ಮನುಷ್ಯನಾಗಿದ್ದುಕೊಂಡೇ ಸೈನಿಕನೂ ಆಗಿರಬೇಕು ಎಂಬುದು ಆ ಸೇನೆಯ ಕ್ರಮ. ವರ್ಷಕ್ಕೆ ಎರಡು ತಿಂಗಳು ಕಣ್ಣೂರಿನ ಕ್ಯಾಂಪು. ಸರಕಾರ ಕರೆದಾಗ ಕರೆದಷ್ಟು ಕಾಲ ಗಡಿ. ಹಾಗೆ ಹೋಗುತ್ತ ಬರುತ್ತ ಕ್ಯಾಪ್ಟನ್ ಆದರು, ಮೇಜರ್ ಆದರು, ಕೊನೆಗೆ ಆ ಸೇನೆಯಲ್ಲಿ ಬೆರಳೆಣಿಕೆಯ ಮಂದಿ ಮುಟ್ಟಿದ ಬ್ರಿಗೇಡಿಯರ್ ಹುದ್ದೆಯನ್ನೂ ಮುಟ್ಟಿದರು. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎನ್ನುತ್ತಾರೆ. ಇವರು ಮುಳುಗಲಿಲ್ಲ. ನೀರು ಕುಡಿದದ್ದು ಹೆಂಡತಿ. ಬಾಣಂತನ, ಅತ್ತೆಯ ಕಾಯಿಲೆ, ಗದ್ದೆಯ ಕೊಯ್ಲು, ಮಕ್ಕಳ ಪರೀಕ್ಷೆ, ಎಲ್ಲವೂ ಹೇಳಿ ಮಾಡಿಸಿದ ಹಾಗೆ ಆ ಎರಡು ತಿಂಗಳಲ್ಲೇ ಬರುತ್ತಿದ್ದವು.

ನಿವೃತ್ತರಾಗಿ ಮಗನ ಮನೆಗೆ ಬಂದ ಮೇಲೆ ಅವರಿಗೆ ಆಜ್ಞೆ ಮಾಡಲು ಉಳಿದದ್ದು ಲಿಫ್ಟಿನ ಗುಂಡಿಗಳು ಮಾತ್ರ. ಈಗ ನಲವತ್ತು ಮಕ್ಕಳು ಸಿಕ್ಕಿದರು. ಮರುದಿನದಿಂದ ಅವರ ನಡಿಗೆಯೇ ಬೇರೆಯಾಯಿತು. ಬೂಟಿಗೆ ತಾವೇ ಪಾಲಿಶ್ ಹಾಕಿದರು, ತಿಂಡಿಯ ತಟ್ಟೆ ತಾವೇ ತೊಳೆದರು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಪುಳಿಮುಂಚಿ. ಹನ್ನೊಂದು ವರ್ಷದ ಮೊಮ್ಮಗಳು ಪ್ರಣಮ್ಯಾ ಕೇಳಿದಳು: "ಅಜ್ಜ, ಕ್ಯಾನ್ ಐ ಕಾಲ್ ಯು ಡೈಲಿ?"

"ದಿನಾ ಸಂಜೆ ಏಳೂವರೆಗೆ ನಾನೇ ಮಾಡ್ತೇನೆ. ಆದ್ರೆ ಒಂದು ರೂಲ್ ಉಂಟು. ಕ್ಯಾಂಪಿಗೆ ಕೆಟ್ಟ ಸುದ್ದಿ ಕಳಿಸಬಾರದು."

"ವೈ?"

ಪೂವಪ್ಪನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಎಪ್ಪತ್ತೊಂಬತ್ತರಲ್ಲಿ ಕ್ಯಾಂಪಿಗೆ ಮನೆಯಿಂದ ಒಂದು ಕಾಗದ ಬಂತು. ಹಸು ಸತ್ತಿದೆ, ನನ್ನ ಅಮ್ಮನಿಗೂ ಇವಳಿಗೂ ಮಾತಿಲ್ಲ ಅಂತ. ಮರುದಿನ ಗುಂಡು ಹಾರಿಸುವ ತಾಲೀಮು. ನನ್ನ ತಲೆಯಲ್ಲಿ ಹಸುವೇ ಓಡಾಡ್ತಾ ಇತ್ತು. ಒಬ್ಬನ ಬಂದೂಕು ಸರಿಯಾಗಿ ನೋಡದೆ ಖಾಲಿ ಅಂದುಬಿಟ್ಟೆ. ಕಾಸರಗೋಡಿನ ಹುಡುಗ, ಗುಂಡು ಹಾರಿ ಎರಡು ಬೆರಳು ಹೋಯಿತು. ಊರಿನಲ್ಲಿ ಬೀಡಿ ಕಟ್ಟಿ ಬದುಕುವವ. ಮತ್ತೆ ಬೀಡಿ ಕಟ್ಟಲಿಕ್ಕೂ ಆಗಲಿಲ್ಲ."

"ಓ."

"ತಪ್ಪು ನನ್ನದು. ಆವತ್ತಿನಿಂದ ರೂಲ್. ಹೌದಾ ಅಲ್ವಾ ಕೇಳು ಅಜ್ಜಿಯನ್ನು."

ಜಲಜಾಕ್ಷಿಯಮ್ಮ ಮೊಮ್ಮಗಳ ತಟ್ಟೆಯಲ್ಲಿ ಮೀನಿನ ಮುಳ್ಳು ಬಿಡಿಸುತ್ತಿದ್ದರು. "ಹೌದು," ಎಂದರು, ಅಷ್ಟೆ. ಸುಮಿತ್ ನೀರು ಕುಡಿಯಲು ಎದ್ದುಹೋದ. ನೀರಿನ ಜಗ್ಗು ಮೇಜಿನ ಮೇಲೆಯೇ ಇತ್ತು.

ಸುಪ್ರೀತಾಳಿಗೆ ಅದು ಯಾಕೆಂದು ಗೊತ್ತಿತ್ತು, ಪೂರ್ತಿ ಗೊತ್ತಿರಲಿಲ್ಲ. ಸುಮಿತನಿಗೆ ಸುಜಿತ್ ಎಂಬ ತಮ್ಮನಿದ್ದ. ಐದನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ತೀರಿಹೋದ. ಆಗಲೂ ಮಾವ ಕ್ಯಾಂಪಿನಲ್ಲಿದ್ದರು. ಮದುವೆಯಾಗಿ ಹದಿನಾರು ವರ್ಷಗಳಲ್ಲಿ ಆ ಮಗುವಿನ ಹೆಸರನ್ನು ಮಾವನೆದುರು ಯಾರೂ ಎತ್ತಿದ್ದನ್ನು ಅವಳು ಕೇಳಿರಲಿಲ್ಲ.

ಜನವರಿ ಮೂರಕ್ಕೆ ಮಾವ ಹೊರಟರು. ಅವರನ್ನು ಕಾರು ಹತ್ತಿಸಿ ಅತ್ತೆ ಸೊಸೆ ಲಿಫ್ಟಿಗೆ ಕಾಯುವಾಗ ಎದುರು ಫ್ಲ್ಯಾಟಿನ ಸೌದಾ ಸಿಕ್ಕಿದಳು. ಉಳ್ಳಾಲದ ಬ್ಯಾರಿಗಳ ಹೆಣ್ಣುಮಗಳು, ಆಸ್ಪತ್ರೆಯಲ್ಲಿ ನರ್ಸು.

"ಜಲಜಕ್ಕ, ಕಾಲು ಎಂತ ಹೀಗೆ ಬೀಗಿದೆ?"

"ನಿಂತು ನಿಂತು ಮಾರಾಯ್ತಿ."

ಸೌದಾ ಅಲ್ಲೇ ಬಗ್ಗಿ ಬೆರಳಿನಿಂದ ಒತ್ತಿದಳು. ಒತ್ತಿದ ಗುಳಿ ಹಾಗೇ ಉಳಿಯಿತು. ಅವಳು ಸುಪ್ರೀತಾಳ ಮುಖ ನೋಡಿ, "ನಾಳೆಯೇ ಕರ್ಕೊಂಡು ಹೋಗಿ," ಎಂದಳು.

ಡಾಕ್ಟರರು ಹೃದಯ ಬಲಹೀನವಾಗಿದೆ, ನೀರು ತುಂಬುತ್ತಿದೆ, ಸೇರಿಸಿ ಎಂದರು. ಜಲಜಾಕ್ಷಿಯಮ್ಮ ಮಾತ್ರೆಗೆ ಒಪ್ಪಿದರು, ಸೇರಲು ಒಪ್ಪಲಿಲ್ಲ. "ಇಪ್ಪತ್ತಾರು ಕಳೀಲಿ. ಅವರು ಬರ್ಲಿ. ಮತ್ತೆ ನೋಡುವ."

"ಅತ್ತೆ, ಮಾವನಿಗೆ ಒಂದು ಮಾತು ಹೇಳಿಬಿಡ್ತೇನೆ."

"ಬೇಡ. ನನ್ನ ಮೇಲೆ ಆಣೆ."

ಸುಪ್ರೀತಾಳಿಗೆ ಆ ಆಣೆ ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಬೆಳಿಗ್ಗೆ ಶಾಲೆಗೆ ಹೋಗಿ ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸುವಳು, ಮಧ್ಯಾಹ್ನ ಬಂದು ಉಪ್ಪಿಲ್ಲದ ಗಂಜಿ ಬೇಯಿಸುವಳು. ಸಂಜೆ ಏಳೂವರೆಗೆ ಸರಿಯಾಗಿ ಫೋನು ಹೊಡೆದುಕೊಳ್ಳುತ್ತಿತ್ತು. ಮಾವನ ಮುಖ ಬಿಸಿಲಿಗೆ ಕೆಂಪಾಗಿರುತ್ತಿತ್ತು.

"ಎಲ್ಲ ಕ್ಷೇಮವಾ?"

"ಎಲ್ಲರೂ ಕ್ಷೇಮ," ಎನ್ನುತ್ತಿದ್ದರು ಅತ್ತೆ.

"ಇಲ್ಲಿ ಒಬ್ಬ ಇದ್ದಾನೆ, ಎಡಗಾಲು ಅಂದ್ರೆ ಬಲಗೈ ಎತ್ತುತ್ತಾನೆ!"

ಅತ್ತೆ ಮನಸಾರೆ ನಗುತ್ತಿದ್ದರು. ಫೋನಿಟ್ಟ ಮೇಲೆ ಆ ನಗುವಿನ ಸುಸ್ತು ಇಳಿಯಲು ಅರ್ಧ ಗಂಟೆ ಬೇಕಾಗುತ್ತಿತ್ತು.

ಇಪ್ಪತ್ತೆರಡು, ಬುಧವಾರ ಬೆಳಿಗ್ಗೆ ಅವರಿಗೆ ಅಂಗಾತ ಮಲಗಲೂ ಆಗಲಿಲ್ಲ. ಸೌದಾಳೇ ಮುಂದೆ ನಿಂತು ಆಸ್ಪತ್ರೆಗೆ ಸೇರಿಸಿದಳು. ಸಂಜೆ ಏಳೂವರೆಗೆ ಮೊದಲು ಜಲಜಾಕ್ಷಿಯಮ್ಮ ಆಮ್ಲಜನಕದ ನಳಿಕೆ ತೆಗೆಸಿಕೊಂಡು, ಆಸ್ಪತ್ರೆಯ ಅಂಗಿಯ ಮೇಲೆ ಮನೆಯ ಶಾಲು ಹೊದ್ದು, ದಿಂಬಿಗೆ ಒರಗಿ ಕೂತರು. "ಮುಖ ಮಾತ್ರ ಕಾಣ್ಬೇಕು. ಹತ್ತಿರ ಹಿಡಿ," ಎಂದರು. ಸುಪ್ರೀತಾ ಹಿಡಿದಳು. ತಾನು ಮಾಡುತ್ತಿರುವುದು ಒಳ್ಳೆಯ ಕೆಲಸವಲ್ಲ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

"ಎಲ್ಲ ಕ್ಷೇಮವಾ?"

"ಎಲ್ಲರೂ ಕ್ಷೇಮ. ನಿಮ್ಮ ಬಲಗೈಯವ ಸರಿಯಾದನಾ?"

ಮಾವ ಫೋನನ್ನು ಒಮ್ಮೆ ಕಿವಿಯ ಹತ್ತಿರ ಹಿಡಿದು, "ಆಗ್ತಾನೆ," ಎಂದರು. ಆ ದಿನ ಮಾತು ಬೇಗ ಮುಗಿಯಿತು.

ಮರುದಿನ ಬೆಳಿಗ್ಗೆ, ಮಗಳ ಟಿಫಿನ್ನಿಗೆ ನೀರುದೋಸೆ ಹೊಯ್ಯುತ್ತಿದ್ದಾಗ ಸುಪ್ರೀತಾ ಗಂಡನ ಮೇಲೆ ರೇಗಿದಳು.

"ಅಬುಧಾಬಿ ಎಂತ ಅಮೆರಿಕವಾ? ಒಂದೂವರೆ ಗಂಟೆಯ ದಾರಿ. ಇವತ್ತೇ ಹೇಳಿ."

"ಅಮ್ಮನಿಗೆ ಬೇಡ ಅಂದ್ರೆ ಬೇಡ. ಅಪ್ಪನಿಗೆ ಹತ್ತು ವರ್ಷದಲ್ಲಿ ಸಿಕ್ಕಿದ ಒಂದು ಖುಷಿ. ಡಾಕ್ಟ್ರು ಸೋಮವಾರ ಬಿಡ್ಬಹುದು ಅಂದಿದ್ದಾರೆ."

"ಬಿಡದಿದ್ರೆ? ಭವ್ಯಕ್ಕನಿಗಾದ್ರೂ ಹೇಳಿ."

"ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುದಿಲ್ಲ."

"ನಿಲ್ಲಬಾರದು ಅಂತಲೇ ನಾನು ಹೇಳುದು! ಒಂದು ಮಗುವನ್ನು ಕಳ್ಕೊಂಡದ್ದು ಸಾಕಾಗಲಿಲ್ವಾ ಈ ಮನೆಗೆ?"

ಕಾವಲಿಯ ಮೇಲಿನ ದೋಸೆ ಸೀದು ಹೋಯಿತು. ಸುಮಿತ್ ಒಲೆ ಆರಿಸಿ, ಗೋಡೆ ನೋಡುತ್ತ ಹೇಳಿದ.

"ಸುಜಿತನಿಗೆ ಜ್ವರ ಬಂದಾಗ ಅಪ್ಪನಿಗೆ ಕಾಗದ ಬರೆದದ್ದು ನಾನು. ನನಗೆ ಎಂಟು ವರ್ಷ. ಅಮ್ಮ ಸುಜಿತನನ್ನು ಮಡಿಲಲ್ಲಿ ಹಾಕ್ಕೊಂಡು ಕೂತಿದ್ಳು, ಕೈ ಬಿಡುವು ಇರಲಿಲ್ಲ. ನೀನು ಬರಿ ಮಗ, ಇಲ್ಲಿ ಎಲ್ಲರೂ ಕ್ಷೇಮ ಅಂತ ಬರಿ ಅಂದಳು. ಬರೆದೆ. ಕಣ್ಣೂರಿನಿಂದ ಒಂದು ರೈಲು ಹತ್ತಿದ್ರೆ ಅಪ್ಪ ಸಂಜೆಯೊಳಗೆ ಮನೆಯಲ್ಲಿ. ನನ್ನ ಕಾಗದ ನಂಬಿ ಕೂತ್ರು. ಕ್ಯಾಂಪ್ ಮುಗಿಸಿ ಹಲ್ವ ತಗೊಂಡು ಬಂದ್ರು. ಸುಜಿತನನ್ನು ಮಣ್ಣು ಮಾಡಿ ಒಂಬತ್ತು ದಿನ ಆಗಿತ್ತು."

"ಹಾಗಾದ್ರೆ ಈಗಲಾದ್ರೂ ಹೇಳಿ ಅಲ್ವಾ!"

"ನನ್ನಿಂದ ಆಗುದಿಲ್ಲ ಸುಪ್ರೀತಾ. ಅಮ್ಮನ ಮಾತು ಮೀರಲಿಕ್ಕೆ ಆಗಲೂ ಆಗಲಿಲ್ಲ, ಈಗಲೂ ಆಗುದಿಲ್ಲ."

ಬಾಗಿಲಲ್ಲಿ ಪ್ರಣಮ್ಯಾ ಯೂನಿಫಾರ್ಮಿನಲ್ಲಿ ನಿಂತಿದ್ದಳು. "ಸೋ ಐ ಹ್ಯಾವ್ ಟು ಲೈ ಟು ಅಜ್ಜ ಟುಡೇ ಆಲ್ಸೋ?" ಎಂದು ಕೇಳಿದಳು. ಅವಳು ಖಾಲಿ ಟಿಫಿನ್ ಡಬ್ಬಿ ಎತ್ತಿಕೊಂಡು ಬಸ್ಸಿಗೆ ಇಳಿದಳು.

ಗುರುವಾರ, ಶುಕ್ರವಾರ, ಶನಿವಾರ. ಮೂರು ಸಂಜೆಯೂ ಸುಪ್ರೀತಾ ಫೋನು ಹಿಡಿದಳು. ಹಗಲೆಲ್ಲ ಅತ್ತೆ ಕಣ್ಣು ಮುಚ್ಚಿ ಮಲಗಿರುವರು, ಕೋಣೆಯ ಬಾಗಿಲು ಸದ್ದು ಮಾಡಿದರೆ ಮಾತ್ರ ಕಣ್ಣು ತೆರೆಯುವರು. ಶನಿವಾರ ಮಧ್ಯಾಹ್ನ ಡಾಕ್ಟರರು ಮೂತ್ರಪಿಂಡವೂ ಸೋಲುತ್ತಿದೆ ಎಂದಾಗ ಸುಪ್ರೀತಾ ಪಡಸಾಲೆಗೆ ಬಂದು ಮಾವನ ನಂಬರು ತೆಗೆದಳು. ಹಿಂದೆಯೇ ಬಂದ ಸುಮಿತ್ ಅವಳ ಕೈ ಹಿಡಿದ.

"ನಾಳೆ ಎಂಟಕ್ಕೆ ಪರೇಡ್. ಒಂಬತ್ತಕ್ಕೆ ನಾನೇ ಫೋನ್ ಮಾಡ್ತೇನೆ. ಹನ್ನೊಂದಕ್ಕೆ ಇಲ್ಲಿರ್ತಾರೆ. ಒಂದು ದಿನ, ಸುಪ್ರೀತಾ."

ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಆಣೆಯ ಹೆದರಿಕೆಯೋ, ಗಂಡನ ಮುಖವೋ, ಅಂತೂ ಹಾಕಿದಳು. ಅದಕ್ಕಾಗಿ ಅವಳು ಮುಂದೆ ಯಾವತ್ತೂ ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ.

ಭಾನುವಾರ ಎಂಟಕ್ಕೆ ಭವ್ಯಶ್ರೀ ಮೈದಾನದಿಂದ ವಿಡಿಯೊ ಹಚ್ಚಿದಳು. ಎಳೆ ಬಿಸಿಲು, ನೀಲಿ ಕೋಟು, ಎದೆಯ ಮೇಲೆ ಪದಕಗಳು. ನಲವತ್ತು ಮಕ್ಕಳು ಸಾಲು ತಪ್ಪದೆ ನಡೆದರು. ಮುಂದೆ ಪೂವಪ್ಪನವರು.

"ನೋಡು, ಈಗಲೂ ಎದೆ ಎತ್ತಿಯೇ ನಡೀತಾರೆ," ಎಂದರು ಜಲಜಾಕ್ಷಿಯಮ್ಮ. ಮಾತು ಹೊರಬರಲು ತುಂಬ ಹೊತ್ತು ಬೇಕಾಯಿತು. ಸುಪ್ರೀತಾ ತುಟಿಗೆ ಎರಡು ಚಮಚ ನೀರು ಹಾಕಿದಳು. ಎಂಟೂ ನಲವತ್ತಕ್ಕೆ ಯಂತ್ರಗಳು ಕೂಗಿಕೊಂಡವು, ಎಲ್ಲರನ್ನೂ ಹೊರಗೆ ಕಳಿಸಿದರು. ಒಂಬತ್ತಕ್ಕೆ ಸುಮಿತ್ ಫೋನು ಮಾಡಿದಾಗ ಹೇಳಬೇಕಾದ ಸುದ್ದಿ ಬದಲಾಗಿತ್ತು.

ಪೂವಪ್ಪನವರು ಅದೇ ಕೋಟಿನಲ್ಲಿ ಬಂದರು. ಭವ್ಯಶ್ರೀ ಅತ್ತು ಅತ್ತು ಅಣ್ಣನ ಅಂಗಿ ಹಿಡಿದು ಜಗ್ಗಿದಳು, "ನನಗೂ ಹೇಳಲಿಲ್ವಾ? ನಾನು ಯಾರು ನಿಮಗೆ?" ಎಂದು ಕೂಗಿದಳು. ಮಾವ ಕೂಗಲಿಲ್ಲ. ಹಾಸಿಗೆಯ ಬುಡದಲ್ಲಿ ನಿಂತು, ಹೊದಿಕೆ ಸರಿಸಿ, ಹೆಂಡತಿಯ ಪಾದದ ಮೇಲೆ ಕೈಯಿಟ್ಟರು.

"ಕಾಲು ಬೀಗಿದೆ," ಎಂದರು.

ದೇಹವನ್ನು ಊರಿಗೆ ಒಯ್ಯುವ ಕಾಗದಪತ್ರ ಆಗಲು ಎರಡು ದಿನ ಹಿಡಿಯುತ್ತದೆ ಎಂದರು ಆಸ್ಪತ್ರೆಯವರು. ಸೋಮವಾರ ಮಧ್ಯಾಹ್ನ ಸೌದಾ ಗಂಜಿ, ಉಪ್ಪಿನಕಾಯಿ ತಂದಿಟ್ಟು ಹೋದಳು. ಭವ್ಯಶ್ರೀ ಒಳಗೆ ಪ್ರಣಮ್ಯಾಳನ್ನು ತಬ್ಬಿಕೊಂಡು ಮಲಗಿದ್ದಳು. ಸುಮಿತ್ ಮೇಜಿನ ಮೇಲೆ ಪಾಸ್‌ಪೋರ್ಟು, ಸರ್ಟಿಫಿಕೇಟುಗಳನ್ನು ಹರಡಿಕೊಂಡಿದ್ದ. ಸುಪ್ರೀತಾ ಮಾವನ ಮುಂದೆ ಗಂಜಿಯ ಬಟ್ಟಲಿಟ್ಟಳು. ಅವರು ಅದನ್ನು ಮುಟ್ಟಲಿಲ್ಲ.

"ನನಗೆ ಬುಧವಾರವೇ ಗೊತ್ತಾಗಿತ್ತು," ಎಂದರು.

ಸುಮಿತ್ ತಲೆ ಎತ್ತಿದ. "ಎಂತದು ಅಪ್ಪ?"

"ಫೋನಿನಲ್ಲಿ ಹಿಂದಿನಿಂದ ಮೈಕಿನ ಸ್ವರ ಕೇಳಿತು. ಯಾವುದೋ ಡಾಕ್ಟ್ರನ್ನು ಕರೀತಾ ಇದ್ರು. ಮನೆಯಲ್ಲಿ ಯಾರು ಹಾಗೆ ಕರೀತಾರೆ?"

"ಮತ್ತೆ ಕೇಳಲಿಲ್ಲ ಯಾಕೆ?"

"ಅವಳು ಕ್ಷೇಮ ಅಂದಳು. ಕ್ಷೇಮ ಅಂದ ಮೇಲೆ..." ಅಲ್ಲಿಗೆ ನಿಲ್ಲಿಸಿ ತಲೆ ಅಲ್ಲಾಡಿಸಿದರು. "ಸುಳ್ಳು ಯಾಕೆ. ಕೇಳಿದ್ರೆ ಹೊರಟು ಬರಬೇಕಾಗ್ತಿತ್ತು. ಮಕ್ಕಳು ಆಗಷ್ಟೇ ಸಾಲು ಹಿಡಿದಿದ್ರು. ನಾಲ್ಕು ದಿನ ಅಲ್ವಾ ಅಂತ ಗ್ರಹಿಸಿದೆ."

ಸುಮಿತನ ಕೈಯಲ್ಲಿದ್ದ ಕಾಗದ ಕೆಳಗೆ ಬಿತ್ತು.

"ಸುಜಿತನ ಸಲವೂ ಹೀಗೇ," ಎಂದರು ಪೂವಪ್ಪನವರು. ಆ ಹೆಸರು ಅವರ ಬಾಯಲ್ಲಿ ಬಂದದ್ದನ್ನು ಸುಪ್ರೀತಾ ಕೇಳಿದ್ದು ಅದೇ ಮೊದಲು. "ಕಾಗದ ನಿನ್ನ ಅಕ್ಷರದಲ್ಲಿತ್ತು. ಹನ್ನೆರಡು ವರ್ಷ ಅವಳೇ ಬರೆದವಳು. ಅವಳು ಯಾಕೆ ಬರೀಲಿಲ್ಲ ಅಂತ ಗೊತ್ತಾಗದಷ್ಟು ದಡ್ಡ ನಾನಲ್ಲ. ಮನೆಯಲ್ಲಿ ಏನೋ ಆಗಿದೆ ಅಂತ ತಿಳೀತು. ಆ ವರ್ಷ ಮೊದಲ ಸಲ ನನಗೆ ಒಂದು ಕಂಪನಿಯ ಕಮಾಂಡ್ ಕೊಟ್ಟಿದ್ರು, ನೂರ ಇಪ್ಪತ್ತು ಜನ. ಕಾಗದ ಮಡಚಿ ಕಿಸೆಗೆ ಹಾಕಿದೆ."

"ಅಪ್ಪ, ನಾನು ಸುಳ್ಳು ಬರೆದದ್ದಕ್ಕೆ ನೀವು ಬರಲಿಲ್ಲ ಅಂತ..." ಸುಮಿತ್ ಎದ್ದು ನಿಂತ. "ಮೂವತ್ತೇಳು ವರ್ಷ ಅಪ್ಪ. ನನ್ನಿಂದಲೇ ಆಯ್ತು ಅಂತ ಮೂವತ್ತೇಳು ವರ್ಷ!"

"ನಿನ್ನಿಂದ ಅಲ್ಲ ಮಗ."

"ಇದನ್ನು ಆಗ ಹೇಳಲಿಕ್ಕೆ ನಿಮಗೆ ಬಾಯಿ ಇರಲಿಲ್ವಾ?"

ಸುಮಿತ್ ಬಾಲ್ಕನಿಗೆ ಹೋಗಿ, ಒಣಗಲು ಹಾಕಿದ್ದ ಬಟ್ಟೆಗಳ ನಡುವೆ ನಿಂತು ದೊಡ್ಡ ಸ್ವರದಲ್ಲಿ ಅತ್ತ. ನಲವತ್ತೈದರ ಗಂಡಸು ಹಾಗೆ ಅಳುವುದನ್ನು ಸುಪ್ರೀತಾ ನೋಡಿರಲಿಲ್ಲ. ಅವಳಿಗೆ ಗಂಡನ ಬಳಿ ಹೋಗಬೇಕೆನಿಸಿತು. ಅಷ್ಟರಲ್ಲಿ ಮಾವ ಕರೆದರು.

"ಸುಪ್ರೀತಾ. ಅವಳು ನನ್ನ ಬಗ್ಗೆ ಎಂತಾದ್ರೂ ಹೇಳಿದ್ಳಾ?"

"ಪರೇಡ್ ನೋಡಿದ್ರು ಮಾವ. ಈಗಲೂ ಎದೆ ಎತ್ತಿಯೇ ನಡೀತಾರೆ ಅಂದ್ರು."

ಮುದುಕರ ಮುಖ ಸ್ವಲ್ಪ ತಿಳಿಯಾಯಿತು. ಅವರು ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ದುಃಖದ ಮನೆಯಲ್ಲಿ ಯಾವ ಸೊಸೆಯೂ ಅಲ್ಲಿಗೆ ನಿಲ್ಲಿಸುತ್ತಾಳೆ. ಆದರೆ ನಾಲ್ಕು ಸಂಜೆ ಫೋನು ಹಿಡಿದು ನಿಂತ ಸುಪ್ರೀತಾಳಿಗೆ ಇನ್ನು ಒಂದೇ ಒಂದು ಮಾತನ್ನು ಬಚ್ಚಿಡುವ ಶಕ್ತಿಯೂ ಉಳಿದಿರಲಿಲ್ಲ.

"ಇನ್ನೊಂದು ಉಂಟು ಮಾವ. ಬಾಗಿಲು ತೆರೆದಾಗೆಲ್ಲ ಅತ್ತೆ ಕಣ್ಣು ಬಿಟ್ಟು ನೋಡ್ತಿದ್ರು. ಶಾಲು ಸರಿ ಮಾಡ್ಕೊಳ್ತಿದ್ರು. ನೀವು ಬಂದ್ರಾ ಅಂತ."

ಪೂವಪ್ಪನವರು ಚಮಚ ಕೆಳಗಿಟ್ಟರು. "ಅವಳೇ ಬೇಡ ಅಂದಿದ್ದಳಲ್ಲ."

"ಹೇಳುದು ಬೇಡ ಅಂದದ್ದು. ಬರುದು ಬೇಡ ಅಂತ ಯಾವತ್ತೂ ಹೇಳಲಿಲ್ಲ."

"ನರ್ಸು ಬಂದಾಗಲೂ ನೋಡ್ತಿದ್ದಳಾ?"

"ನರ್ಸು ಬಂದ್ರೂ ನೋಡ್ತಿದ್ರು. ಊಟ ತರುವವ ಬಂದ್ರೂ ನೋಡ್ತಿದ್ರು."

"ನಾಲ್ಕೂ ದಿನ?"

"ನಾಲ್ಕೂ ದಿನ, ಮಾವ."